ಹಿಟ್ಟು ಚೆಲ್ಲಿದವನ ಕೊನೆಯ ಪುಟ

ಮಕ್ಕಳ ಚಿತ್ರಪುಸ್ತಕಗಳಿಗೆ ಚಿತ್ರ ಬಿಡಿಸುವ ಕೆಲಸಕ್ಕೆ ಬರಬೇಕೆಂದು ಹುಡುಗರು, ಹುಡುಗಿಯರು ನನಗೆ ಆಗಾಗ ಮೆಸೇಜು ಕಳಿಸುತ್ತಾರೆ. ಎಲ್ಲರೂ ಕೇಳುವುದು ಒಂದೇ. ಯಾವ ಆ್ಯಪು, ಯಾವ ಬ್ರಷ್ಷು, ಕೋರ್ಸು ಎಲ್ಲಿ. ಅವರು ಕೇಳದೇ ಇರುವುದನ್ನು ಹೇಳಿಬಿಡೋಣವೆಂದು ಇದನ್ನು ಟೈಪು ಮಾಡುತ್ತಿದ್ದೇನೆ. ನನಗಿನ್ನೂ ನಲವತ್ತಾಗಿಲ್ಲ. ಆದರೂ ಆ ಕೆಲಸದಿಂದ ನಿವೃತ್ತನಾಗಿದ್ದೇನೆ. ಬಿಟ್ಟೆ, ಬಿಡಿಸಿದರು, ಜಗಳವಾಡಿ ಬಂದೆ ಎಂಬ ಯಾವ ಮಾತೂ ನನಗೆ ಹಿಡಿಸಲಿಲ್ಲ. ನಿವೃತ್ತಿ ಎಂದರೆ ಒಂದು ಗೌರವವಿದೆ. ಜೋಗುಪಾಳ್ಯದ ನಮ್ಮ ಬೀದಿಯ ಗೆಳೆಯರು ಇದನ್ನು ಕೇಳಿ ನಗುತ್ತಾರೆ, ಪೆನ್ಷನ್ ಬಂತಾ ಗುರು ಎನ್ನುತ್ತಾರೆ. ನಗಲಿ.

ನಾನು ಎಲ್ಲೂ ಕಲಿತವನಲ್ಲ. ಶಿವಾಜಿನಗರದಲ್ಲಿ ಮದುವೆ ಕಾರ್ಡು ಅಚ್ಚು ಮಾಡುವ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಗಣಪತಿ, ಚಂದ್ರ-ನಕ್ಷತ್ರ, ಶಿಲುಬೆ, ಜೋಡಿ ಗಿಣಿ, ಯಾರ ಮದುವೆಗೆ ಏನು ಬೇಕೋ ಅದು. ಬಿಡುವಾದಾಗ ಹಳೇ ಕಾರ್ಡುಗಳ ಹಿಂಬದಿಯಲ್ಲಿ ಬೀದಿಯ ಮಕ್ಕಳನ್ನು ಬಿಡಿಸುತ್ತಿದ್ದೆ. ಆ ಕಾರ್ಡುಗಳ ಕಟ್ಟನ್ನು ಹಿಡಿದುಕೊಂಡು ಇಂದಿರಾನಗರದ ಮನೆಯೊಂದರ ಮಹಡಿಯಲ್ಲಿದ್ದ ಸಣ್ಣ ಪ್ರಕಾಶನಕ್ಕೆ ಹೋದೆ. ಅಲ್ಲಿ ಸಂಪಾದಕಿಯಾಗಿದ್ದವರು ವಸಂತಾ ಮೇಡಂ. ಕಾರ್ಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಎಲ್ಲಿ ಓದಿದ್ದು ಎಂದು ಕೇಳಲಿಲ್ಲ. ಈ ಮಗು ಯಾಕೆ ಒಂದೇ ಚಪ್ಪಲಿ ಹಾಕಿಕೊಂಡಿದೆ ಎಂದು ಕೇಳಿದರು. ಇನ್ನೊಂದನ್ನು ಮೋರಿಗೆ ಎಸೆದಿದೆ ಎಂದೆ. ಸೋಮವಾರದಿಂದ ಬಾ ಎಂದರು.

ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ ಆಮೇಲೆ ಎಷ್ಟೋ ಜನ ನನ್ನನ್ನು ಎಲ್ಲಿ ಓದಿದ್ದು ಎಂದು ಕೇಳಿದ್ದಾರೆ. ನಿಮ್ಮನ್ನೂ ಕೇಳುತ್ತಾರೆ. ತಲೆ ತಗ್ಗಿಸಬೇಡಿ.

ನನ್ನ ಮೊದಲ ಪುಸ್ತಕವೇ ಮೊದಲ ಎಡವಟ್ಟು. ತುಂಟ ಮಗುವೊಂದರ ಮುಖವನ್ನು ಎರಡು ಪುಟ ತುಂಬ ದೊಡ್ಡದಾಗಿ ಬಿಡಿಸಿದ್ದೆ. ಕಂಪ್ಯೂಟರಿನಲ್ಲಿ ಎರಡೂ ಪುಟ ಪಕ್ಕಪಕ್ಕ ಸಪಾಟಾಗಿ ಕಾಣುತ್ತವೆ. ಪುಸ್ತಕವಾಗಿ ಹೊಲಿದ ಮೇಲೆ ನಡುವೆ ಮಡಿಕೆ ಬರುತ್ತದೆ, ಅದು ಒಂದಷ್ಟು ಚಿತ್ರವನ್ನು ನುಂಗುತ್ತದೆ. ನನ್ನ ಮಗುವಿನ ಮೂಗು ಪೂರ್ತಿ ಒಳಗೆ ಹೋಯಿತು. ಹಲಸೂರಿನ ತಾಯಿಯೊಬ್ಬರು ಫೋನು ಮಾಡಿದರು. ಅವರ ಮಗಳು ಮೂಗು ಹುಡುಕುತ್ತಾ ಪುಸ್ತಕವನ್ನು ಎರಡು ಹೋಳು ಮಾಡಿದ್ದಳಂತೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೇಡಂ ಮಾತ್ರ ಖುಷಿಯಾಗಿದ್ದರು. ಹುಡುಕಿದಳಲ್ಲ, ಅಂದರೆ ಮುಖ ಚೆನ್ನಾಗಿ ಬಂದಿದೆ ಎಂದರು. ಅಂದಿನಿಂದ ನಾನು ಮೊದಲು ಕಾಗದ ಮಡಿಸುತ್ತೇನೆ, ಆಮೇಲೆ ಬಿಡಿಸುತ್ತೇನೆ.

ಎರಡನೆಯದು ಇನ್ನೂ ಗಂಭೀರ. ಮಕ್ಕಳನ್ನು ನೋಡಿಕೊಂಡೇ ಬಿಡಿಸಬೇಕೆಂಬ ಹುಮ್ಮಸ್ಸಿನಲ್ಲಿ ದೊಮ್ಮಲೂರಿನ ಪಾರ್ಕಿನಲ್ಲಿ ಬೆಂಚಿನ ಮೇಲೆ ಕೂತು ಸ್ಕೆಚ್ಚು ಹಾಕುತ್ತಿದ್ದೆ. ಜಾರುಬಂಡೆಯ ಹತ್ತಿರವಿದ್ದ ತಾಯಿಯೊಬ್ಬರು ಬಂದು ನಿಂತರು. "ಯಾರ್ರೀ ನೀವು? ನನ್ ಮಗೂನ ಯಾಕ್ ಬರೀತಿದೀರ?" ಎಂದು ಕೇಳಿದರು. ನಾನು ಪುಸ್ತಕ, ಪ್ರಕಾಶನ ಎಂದು ತೊದಲಿದೆ. ಅವರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ನೋಡಿ, ಮಡಿಸಿ ತಮ್ಮ ಬ್ಯಾಗಿಗೆ ಹಾಕಿಕೊಂಡು ಹೋದರು. ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ಅವರು ಮಾಡಿದ್ದೇ ಸರಿ. ಮಗು ಯಾರ ಮಾದರಿಯೂ ಅಲ್ಲ, ಅದರ ಮನೆಯವರನ್ನು ಕೇಳದೆ ಪೆನ್ಸಿಲು ಎತ್ತಬಾರದು. ಪಾರ್ಕಿನಲ್ಲಿ ನಡೆದದ್ದನ್ನು ಮೇಡಂಗೆ ಹೇಳಿದಾಗ, ಹಾಗಾದರೆ ಕೇಳಿಕೊಂಡೇ ಹೋಗು, ಕರೆದವರ ಮನೆಗೆ ಹೋಗು ಎಂದರು. ನಮ್ಮ ಆಫೀಸಿನ ಒಂದು ಪದ್ಧತಿ ಹುಟ್ಟಿದ್ದು ಹಾಗೆ.

ಆ ಪದ್ಧತಿ ಇಷ್ಟು. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಅದರ ಕರಡು ಪ್ರತಿಯನ್ನು ಕೈಯಿಂದ ಹೊಲಿದು ತಯಾರಿಸುತ್ತೇವೆ. ಅದಕ್ಕೆ ಡಮ್ಮಿ ಎನ್ನುತ್ತಾರೆ. ಬೇರೆ ಕಡೆ ಡಮ್ಮಿಯಲ್ಲಿ ಮಾತೂ ಇರುತ್ತದೆ. ನಮ್ಮ ಮೇಡಂ ಮಾತೆಲ್ಲ ತೆಗೆಸಿ, ಬರೀ ಚಿತ್ರಗಳ ಡಮ್ಮಿಯನ್ನು ಗೊತ್ತಿರುವ ಒಂದೆರಡು ಮನೆಗಳಿಗೆ ಕಳಿಸುತ್ತಿದ್ದರು. ಮಗು ಅದನ್ನು ಕಚ್ಚಬಹುದು, ಎಸೆಯಬಹುದು. ಮನೆಯವರು ಚಿತ್ರ ನೋಡಿಕೊಂಡು ತಮಗೆ ತೋಚಿದ ಕತೆ ಹೇಳಬೇಕು. ನಾನು ಮೂಲೆಯಲ್ಲಿ ಕೂತು ಕೇಳಬೇಕು, ಬಾಯಿ ಬಿಡಬಾರದು. ಚಿತ್ರ ತಾನೇ ಮಾತಾಡುತ್ತಿದೆಯೋ ಇಲ್ಲವೋ ಎನ್ನುವುದು ಅಲ್ಲೇ ಗೊತ್ತಾಗುತ್ತದೆ. ಈ ಕೆಲಸದಲ್ಲಿ ನನಗೆ ಗುರು ಎನ್ನುವುದೇನಾದರೂ ಇದ್ದರೆ ಆ ಮೂಲೆ.

ಕಾಲ ಬದಲಾಯಿತು. ಪೆನ್ಸಿಲು ಹೋಗಿ ಟ್ಯಾಬ್ಲೆಟ್ಟು ಬಂತು. ನಾನೇನು ಹಳೇ ಕಾಲವನ್ನು ನೆನೆದು ಅಳುವವನಲ್ಲ, ಟ್ಯಾಬ್ಲೆಟ್ಟು ಕಂಡು ಮೊದಲು ಕುಣಿದವನೇ ನಾನು. ಆದರೆ ಅದರಲ್ಲಿ ತಪ್ಪಿದ ಗೆರೆಯನ್ನು ಅಳಿಸುವುದು ತೀರಾ ಸುಲಭ. ಅಳಿಸಿ ಅಳಿಸಿ ಬಿಡಿಸಿದ ಮಗು ನೆಟ್ಟಗೆ ನಿಂತುಬಿಡುತ್ತದೆ. ಎರಡು ವರ್ಷದ ಮಗು ನೆಟ್ಟಗೆ ನಿಲ್ಲುವುದಿಲ್ಲ. ಅದು ಯಾವಾಗಲೂ ಬೀಳುವ ಹಾದಿಯಲ್ಲಿರುತ್ತದೆ. ತಪ್ಪಿದ ಗೆರೆಯಲ್ಲೇ ಆ ಓಲಾಟ ಇರುವುದು. ಅಳಿಸುವ ಮುಂಚೆ ಅದನ್ನು ಒಂದು ಸಲ ನೋಡಿ.

ಇನ್ನೊಂದು ಬದಲಾವಣೆ ಬಂತು, ಅದು ಮಾತ್ರ ನನಗೆ ಆಗಲಿಲ್ಲ. ನಮ್ಮ ಕ್ಯಾಟಲಾಗಿನಲ್ಲಿ ಪ್ರತಿ ಪುಸ್ತಕದ ಮುಂದೆ 'ಮೌಲ್ಯ' ಎಂಬ ಒಂದು ಅಂಕಣ ಸೇರಿಕೊಂಡಿತು. ಪ್ರೀಸ್ಕೂಲಿನವರು ಹತ್ತಾರು ಶಾಖೆಗಳಿಗೆ ಒಟ್ಟಿಗೆ ಪುಸ್ತಕ ತೆಗೆದುಕೊಳ್ಳುತ್ತಾರೆ, ಅವರಿಗೆ ಅದು ಬೇಕು. ಹಂಚಿಕೊಳ್ಳುವುದು, ಪ್ರಾಮಾಣಿಕತೆ, ಹಲ್ಲುಜ್ಜುವುದು. ಮುಂಚೆ ನಾವು ಮಗು ಆನೆಯನ್ನು ನೋಡಿತು ಎಂದು ಪುಸ್ತಕ ಮಾಡುತ್ತಿದ್ದೆವು. ಈಗ ಆನೆ ಹಲ್ಲುಜ್ಜಬೇಕಾಯಿತು. ಬಿಡಿಸಿದೆ. ಆನೆಗೆ ಹಲ್ಲುಜ್ಜಿಸಿದೆ, ಮೊಲಕ್ಕೆ ಕ್ಯಾರೆಟ್ಟು ಹಂಚಿಸಿದೆ. ಹೊಟ್ಟೆಪಾಡು, ಅದನ್ನು ಯಾಕೆ ಮುಚ್ಚಿಡಲಿ.

ಹಾಗೆ ಬಂದ ಕೆಲಸಗಳಲ್ಲಿ ಒಂದು, ತುಂಟ ಮಗುವನ್ನು ಬೆಳೆಸುವ ತಾಯಿಯ ಪುಸ್ತಕ. ಅಪ್ಪ-ಅಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದುವಂಥದ್ದು. ಅದರ ಮೌಲ್ಯ ಕ್ಷಮೆ ಕೇಳುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಕತೆ ಹೀಗೆ. ಅಡುಗೆಮನೆಯಲ್ಲಿ ಅಮ್ಮ, ಮಗು ನಗುನಗುತ್ತಾ ಇದ್ದಾರೆ. ಅಮ್ಮ ಅತ್ತ ಹೋದಾಗ ಮಗು ಸ್ಟೂಲು ಹತ್ತಿ ಹಿಟ್ಟಿನ ಡಬ್ಬ ಬೀಳಿಸುತ್ತದೆ. ಹಿಟ್ಟೆಲ್ಲ ನೆಲದ ಮೇಲೆ, ಮಗು ಅದರಲ್ಲಿ ಹೊರಳಾಡುತ್ತದೆ. ಅಮ್ಮ ಬಂದು ಬೈಯುತ್ತಾಳೆ. ಮಗು ಮೂಲೆಯಲ್ಲಿ ಅಳುತ್ತದೆ, ಕಿವಿ ಹಿಡಿದುಕೊಂಡು ಸಾರಿ ಕೇಳುತ್ತದೆ. ಕೊನೆಯ ಪುಟದಲ್ಲಿ ಮಲಗುತ್ತದೆ. ಮುಗಿಯಿತು. ಇಷ್ಟವಾಗಲಿಲ್ಲ, ಆದರೂ ಬಿಡಿಸಿ, ಹೊಲಿದು ಶಿವಾಜಿನಗರದ ಮನೆಯೊಂದಕ್ಕೆ ತೆಗೆದುಕೊಂಡು ಹೋದೆ.

ಆ ಮನೆಯಲ್ಲಿ ರೇಷ್ಮಾ ಎಂಬ ಹೆಣ್ಣುಮಗಳು, ಅವಳ ಎರಡು ವರ್ಷದ ಮಗ ಜುನೈದ್, ಅವಳ ಅತ್ತೆ. ಗಂಡ ಬ್ಯಾಗಿನ ಅಂಗಡಿಯಲ್ಲಿ. ರೇಷ್ಮಾ ಮನೆಯಲ್ಲೇ ಕೂತು ಬುರ್ಖಾದ ಅಂಚಿಗೆ ಹೊಳೆಯುವ ಸಣ್ಣ ಕಲ್ಲುಗಳನ್ನು ಅಂಟಿಸುವ ಕೆಲಸ ಮಾಡುತ್ತಿದ್ದಳು. ಎರಡು ವರ್ಷದ ಮಗು, ನೆಲದ ತುಂಬ ಸಣ್ಣ ಕಲ್ಲುಗಳು. ಆ ಮನೆಯ ಗದ್ದಲವನ್ನು ನಾನು ವಿವರಿಸಬೇಕಾಗಿಲ್ಲ. ಅತ್ತೆಯನ್ನು ಎಲ್ಲರೂ ದಾದಿ, ಅಂದರೆ ಅಜ್ಜಿ, ಎನ್ನುತ್ತಿದ್ದರು. ಮನೆಯಲ್ಲಿ ದಖ್ಖನಿ ಮಾತು, ನನ್ನ ಜೊತೆ ಕನ್ನಡ.

ಅವಸರದಲ್ಲಿ ನಾನೊಂದು ತಪ್ಪು ಮಾಡಿದ್ದೆ. ಡಮ್ಮಿಗೆ ಎರಡೂ ಕಡೆ ಬಿಳಿ ರಟ್ಟು ಹಾಕಿದ್ದೆ. ಮುಂದಿನದು ಯಾವುದು, ಹಿಂದಿನದು ಯಾವುದು ಎಂದು ಗುರುತು ಹಾಕಿರಲಿಲ್ಲ. ಒಳಗೆ ಅಕ್ಷರವೂ ಇಲ್ಲ. ದಾದಿ ಓದಿ ಬೆಳೆದದ್ದು ಉರ್ದು, ಅದರ ಪುಸ್ತಕ ಬಲಗಡೆಯಿಂದ ಶುರುವಾಗುತ್ತದೆ. ನಮಗೆ ಕೊನೆಯ ಪುಟ ಎಲ್ಲಿರುತ್ತದೋ ಅವರಿಗೆ ಮೊದಲ ಪುಟ ಅಲ್ಲಿ. ದಾದಿ ಮೊಮ್ಮಗನನ್ನು ಕೂರಿಸಿಕೊಂಡು, ಕನ್ನಡಕ ಸರಿ ಮಾಡಿಕೊಂಡು, ತಮ್ಮ ಅಭ್ಯಾಸದಂತೆ ಆ ಕಡೆಯಿಂದ ತೆಗೆದರು. ನನ್ನ ಕತೆ ಕೊನೆಯಿಂದ ಶುರುವಾಯಿತು. ಬಾಯಿ ಬಿಡುವಂತಿಲ್ಲವಲ್ಲ, ನಾನು ಸುಮ್ಮನೆ ಕೂತೆ.

"ಬಚ್ಚಾ ಮಲ್ಗೈತೆ ನೋಡು, ಬಾಯಿ ತಕ್ಕೊಂಡು, ನಿನ್ ಥರಾನೇ" ಎಂದು ದಾದಿ ಶುರು ಮಾಡಿದರು. ಮುಂದಿನ ಪುಟ ಕಿವಿ ಹಿಡಿದುಕೊಂಡು ಸಾರಿ ಕೇಳುವ ಮಗು. ದಾದಿ ಅದನ್ನು ಸ್ವಲ್ಪ ಹೊತ್ತು ನೋಡಿ, ಪಾಪ ಎದ್ದ ಕೂಡಲೇ ಕಿವಿ ನೋಯುತ್ತಿದೆ ಎಂದರು. ಮುಂದಿನದರಲ್ಲಿ ಮೂಲೆಯಲ್ಲಿ ಅಳು. ಸರಿ, ಕಿವಿ ನೋವಿಗೆ ಅಳುತ್ತಿದೆ. ಅದರ ಮುಂದೆ ಬೆರಳು ಎತ್ತಿ ಬೈಯುವ ಅಮ್ಮ. ಇಲ್ಲಿ ದಾದಿಯ ದನಿ ಬದಲಾಯಿತು.

"ಇವಳನ್ ನೋಡು. ಮಗು ಏನೂ ಮಾಡಿಲ್ಲ, ಇನ್ನೂ ಸರ್ಯಾಗಿ ಎದ್ದೇ ಇಲ್ಲ, ಆಗ್ಲೇ ಬೈತಾ ಅವ್ಳೆ."

ಪುಟ ತಿರುಗಿತು. ನೆಲದ ತುಂಬ ಹಿಟ್ಟು, ಹೊರಳಾಡುವ ಮಗು. ದಾದಿ ನಕ್ಕರು. "ಹೆಂಗೂ ಬೈಸ್ಕೊಂಡಾಯ್ತಲ್ಲ, ಇನ್ನೇನ್ ಭಯ. ಚೆಲ್ಲು ಬೇಟಾ" ಎಂದರು. ಜುನೈದ್ ಪುಟದ ಮೇಲೆ ಎರಡೂ ಕೈ ಬಡಿದ. ಆಮೇಲೆ ಮಗು ಸ್ಟೂಲಿನ ಮೇಲೆ, ಡಬ್ಬ ಇನ್ನೂ ನೆಟ್ಟಗಿರುವ ಪುಟ. ಹಿಟ್ಟೆಲ್ಲ ತುಂಬಿಬಿಟ್ಟಿದೆ, ಜಾಣ ಮಗು ಎಂದರು. ಕೊನೆಗೆ ಅಂದರೆ ನನ್ನ ಮೊದಲ ಪುಟದಲ್ಲಿ ಅಮ್ಮ, ಮಗು ಜೊತೆಗೆ ನಗುತ್ತಿದ್ದರು. ದಾದಿ ಪುಸ್ತಕ ಮುಚ್ಚಿ, ಚೆನ್ನಾಗಿದೆ ಎಂದು ನನ್ನ ಕಡೆ ತಿರುಗಿದರು.

ನಾನು ನಗು ತಡೆದುಕೊಂಡು, ದಾದಿ ನೀವು ತಿರುವುಮುರುವು ಓದಿದಿರಿ ಎಂದು ಹೇಳುವವನಿದ್ದೆ. ಅಷ್ಟರಲ್ಲಿ ರೇಷ್ಮಾಳ ಕೈ ನಿಂತಿದ್ದನ್ನು ಕಂಡೆ. ಅಂಟು ಹಚ್ಚಿದ ಕಲ್ಲು ಅವಳ ಬೆರಳ ತುದಿಯಲ್ಲೇ ಇತ್ತು.

"ಅತ್ತೆ ಸರಿಯಾಗೇ ಓದಿದ್ರು ಅಣ್ಣಾ" ಎಂದಳು. "ಬೆಳಿಗ್ಗೆ ಎದ್ದ ತಕ್ಷಣ ನಾನು ಬೈಯ್ಯೋಕ್ ಶುರು ಮಾಡ್ಬಿಡ್ತೀನಿ. ಅವ್ನೇನ್ ಮಾಡ್ದ ಅಂತ ಆಮೇಲೆ ಹುಡುಕ್ತೀನಿ."

ಕೊನೆಯ ಮಾತನ್ನು ಅವಳು ಅತ್ತೆಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ, ಬುರ್ಖಾದ ಅಂಚಿಗೆ ಹೇಳಿದಂತೆ ಹೇಳಿದಳು. ಜುನೈದ್ ಡಮ್ಮಿಯ ಮೂಲೆಯನ್ನು ಬಾಯಿಗೆ ಹಾಕಿಕೊಂಡಿದ್ದ.

ಅಲ್ಲಿಂದ ಇಂದಿರಾನಗರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ನಾನು ಪುಸ್ತಕವನ್ನು ತಲೆಯಲ್ಲಿ ಬಿಚ್ಚಿ ಹೊಲಿದೆ. ನನಗೆ ಹುಚ್ಚು ಹಿಡಿದಂತಾಗಿತ್ತು. ಮಕ್ಕಳ ತುಂಟತನದ ಬಗ್ಗೆ ನಾನು ನೋಡಿದ್ದ ಪುಸ್ತಕಗಳೆಲ್ಲ ಮಗು ಮಾಡಿದ್ದರಿಂದ ಶುರುವಾಗುತ್ತಿದ್ದವು. ಮಗು ತಪ್ಪು ಮಾಡಿತು, ಅದಕ್ಕೇ ಅಮ್ಮ ಬೈದಳು. ಆದರೆ ಎಷ್ಟೋ ಮನೆಗಳಲ್ಲಿ ಬೈಗುಳ ಮೊದಲು ಎದ್ದಿರುತ್ತದೆ, ತಪ್ಪು ಆಮೇಲೆ ಎದ್ದು ಬಂದು ಅದರ ಜೊತೆ ಸೇರಿಕೊಳ್ಳುತ್ತದೆ. ನೀರಿನ ಟ್ಯಾಂಕರು ಬಂದಿಲ್ಲ, ಕೆಲಸ ಮುಗಿದಿಲ್ಲ, ಗಂಡ ಫೋನು ಎತ್ತುತ್ತಿಲ್ಲ. ಎಲ್ಲದಕ್ಕೂ ಕೈಗೆ ಸಿಗುವವನು ಎರಡು ವರ್ಷದವನೊಬ್ಬನೇ. ಇದನ್ನು ಬರೆದ ಪುಸ್ತಕ ಎಲ್ಲಿದೆ?

ಹೊಸದಾಗಿ ಬಿಡಿಸಿದೆ. ಮೊದಲ ಪುಟದಲ್ಲೇ ಅಮ್ಮ ಬೈಯುತ್ತಿದ್ದಾಳೆ. ಮಗು ಹಾಸಿಗೆಯಲ್ಲಿ ಕಣ್ಣು ಬಿಡುತ್ತಿದೆ. ಅದಕ್ಕೆ ಏನೂ ಅರ್ಥವಾಗುತ್ತಿಲ್ಲ. ಆಮೇಲೆ ಸ್ಟೂಲು, ಡಬ್ಬ, ಹಿಟ್ಟು. ಅಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಇಲ್ಲಿ ಬೈಯಬೇಕು. ಬೆಳಗ್ಗೆಯೇ ಎಲ್ಲ ಬೈದು ಖಾಲಿಯಾಗಿದ್ದಾಳೆ. ಕೊನೆಯ ಪುಟದಲ್ಲಿ ಆ ಹಿಟ್ಟಿನ ನಡುವೆಯೇ ಕೂತುಬಿಟ್ಟಿದ್ದಾಳೆ. ಕ್ಷಮಿಸಿಲ್ಲ, ಮುದ್ದು ಮಾಡಿಲ್ಲ, ಸುಮ್ಮನೆ ಕೂತಿದ್ದಾಳೆ. ಮಗು ಅವಳ ಮೊಣಕಾಲಿಗೆ ಹಿಟ್ಟು ಹಚ್ಚುತ್ತಿದೆ. ಅಷ್ಟೇ.

ಈ ಡಮ್ಮಿಯನ್ನು ಕೆ.ಆರ್. ಪುರದ ಮನೆಯೊಂದಕ್ಕೆ ಒಯ್ದೆ. ಹಳೇ ಊರಿನವರು, ಹೊಲವೆಲ್ಲ ಈಗ ಬಾಡಿಗೆ ಮನೆಗಳಾಗಿದ್ದವು. ಮನೆಯ ಸೊಸೆ ಕೊನೆಯ ಪುಟವನ್ನು ಬಹಳ ಹೊತ್ತು ನೋಡಿ, ಎಲ್ಲಾ ಸರಿ, ಈ ಹಿಟ್ಟನ್ನು ಗುಡಿಸುವವರು ಯಾರು ಎಂದು ಕೇಳಿದಳು. ನನಗೆ ಅದು ಹೊಳೆದೇ ಇರಲಿಲ್ಲ. ವಾಪಸು ಬಂದು ಅಮ್ಮನ ಪಕ್ಕದಲ್ಲಿ ಒಂದು ಪೊರಕೆ ಬಿಡಿಸಿದೆ. ಗುಡಿಸಲು ಬಂದವಳು ಅದನ್ನು ಪಕ್ಕಕ್ಕಿಟ್ಟು ಕೂತಿದ್ದಾಳೆ. ಆ ಪೊರಕೆಯಿಂದ ಪುಟಕ್ಕೆ ತೂಕ ಬಂತು.

ವಸಂತಾ ಮೇಡಂ ಹೊಸ ಡಮ್ಮಿಯನ್ನು ಎರಡು ಸಲ ನೋಡಿದರು. ಬೆರಳಿನಿಂದ ಪೊರಕೆಯನ್ನು ಮುಟ್ಟಿದರು. ನಿನ್ನ ಇಷ್ಟು ವರ್ಷದ ಕೆಲಸದಲ್ಲಿ ಇದೇ ಚೆನ್ನಾಗಿ ಬಂದಿರುವುದು, ಮೇಲಿನವರು ಇದನ್ನು ಒಪ್ಪುವುದಿಲ್ಲ ಎಂದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು.

ಮೇಲಿನವರು ಎಂದರೆ ನಮ್ಮ ಮಾಲೀಕರು. ಕೆಟ್ಟವರಲ್ಲ. ಮಕ್ಕಳ ಪುಸ್ತಕ ಮಾರಿ ಬದುಕುವುದು ಎಷ್ಟು ಕಷ್ಟ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು. ಡಮ್ಮಿಯನ್ನು ನೋಡಿ, ಚಿತ್ರ ಸೊಗಸಾಗಿದೆ, ಸಾರಿ ಎಲ್ಲಿ ಹೋಯಿತು ಎಂದು ಕೇಳಿದರು. ತೆಗೆದಿದ್ದೇನೆ ಎಂದೆ. ಪ್ರೀಸ್ಕೂಲಿನವರು ಈ ಪುಸ್ತಕ ಕೊಳ್ಳುವುದಾಗಿ ಮಾತು ಕೊಟ್ಟಿರುವುದೇ ಆ ಮೌಲ್ಯಕ್ಕಾಗಿ ಎಂದರು.

"ನೋಡಪ್ಪ, ಪುಸ್ತಕ ತಗೊಳ್ಳೋದು ಮಗು ಅಲ್ಲ. ಅಪ್ಪ-ಅಮ್ಮ."

"ಅಪ್ಪ-ಅಮ್ಮನ ಬಗ್ಗೆನೇ ಸಾರ್ ಈ ಪುಸ್ತಕ" ಎಂದೆ.

ಅವರು ಬೇಸರಿಸಿಕೊಳ್ಳಲಿಲ್ಲ. ಒಂದು ದಾರಿ ಹೇಳಿದರು. ನಿನ್ನ ಒಂದು ಗೆರೆಯನ್ನೂ ಬದಲಿಸುವುದಿಲ್ಲ. ಅಮ್ಮ ಹಿಟ್ಟಿನಲ್ಲಿ ಕೂತಿರುವ ಪುಟ ಹಾಗೆಯೇ ಇರಲಿ. ಅದಾದ ಮೇಲೆ ಒಂದೇ ಒಂದು ಪುಟ ಸೇರಿಸು. ಮಗು ಎದ್ದು ನಿಂತು 'ಸಾರಿ ಅಮ್ಮ' ಎನ್ನಬೇಕು. ಎಲ್ಲರಿಗೂ ಒಳ್ಳೆಯದು.

ಇದನ್ನು ಓದುತ್ತಿರುವವರೇ, ನಿಮ್ಮ ಮುಂದೆಯೂ ಈ ಒಂದು ಪುಟ ಬಂದೇ ಬರುತ್ತದೆ. ಯಾರೂ ನಿಮ್ಮ ಪುಸ್ತಕವನ್ನು ಪೂರ್ತಿ ಬದಲಾಯಿಸಿ ಎನ್ನುವುದಿಲ್ಲ. ಬಹಳ ಸೌಜನ್ಯದಿಂದ, ಒಂದೇ ಪುಟ ಎನ್ನುತ್ತಾರೆ. ಅದು ಯಾವಾಗಲೂ ಕೊನೆಯ ಪುಟವೇ ಆಗಿರುತ್ತದೆ.

ನಾನು ಯೋಚಿಸಿ ಹೇಳುತ್ತೇನೆ ಎಂದು ಕೆಳಗೆ ಬಂದೆ. ಮೇಡಂ ಹಿಂದೆಯೇ ಬಂದರು. ಗೇಟಿನ ಹತ್ತಿರ ನಿಂತು ಮಾತಾಡಿದೆವು. ಅವರು ನನ್ನ ಪರ ಎಂದುಕೊಂಡಿದ್ದೆ. ಹೌದು, ಪರವೇ, ಆದರೆ ಅವರ ಲೆಕ್ಕ ಬೇರೆ.

"ಆ ಪುಟ ಇಲ್ದೇ ಇದ್ರೆ ಪುಸ್ತಕನೇ ಬರಲ್ಲ ಕಣೋ. ರೇಷ್ಮಾ ಕೈಗೆ ಏನೂ ಸಿಗಲ್ಲ. ನೀನೇ ಬಿಡಿಸಿದ್ರೆ ಅದನ್ನೂ ಚೆನ್ನಾಗ್ ಬಿಡಿಸ್ತೀಯ. ಬೇರೆಯವರು ಕೆಡಿಸ್ತಾರೆ."

"ಆ ಪುಟ ಇದ್ರೆ ರೇಷ್ಮಾ ಕೈಗೆ ಬೇರೆ ಪುಸ್ತಕ ಸಿಗುತ್ತೆ ಮೇಡಂ" ಎಂದೆ.

ನನಗೆ ಇದನ್ನು ಹೇಗೆ ವಿವರಿಸಬೇಕೋ ಆಗ ಗೊತ್ತಾಗಲಿಲ್ಲ, ಈಗ ಪ್ರಯತ್ನಿಸುತ್ತೇನೆ. ಅಮ್ಮ ಹಿಟ್ಟಿನಲ್ಲಿ ಕೂತಿರುವ ಪುಟದಲ್ಲಿ ಪುಸ್ತಕ ನಿಂತರೆ, ಓದುವ ತಾಯಿ ಒಂದು ಕ್ಷಣ ತನ್ನ ಬೆಳಗನ್ನು ನೆನೆಸಿಕೊಳ್ಳುತ್ತಾಳೆ. ಮುಂದೆ ಏನು ಎನ್ನುವುದು ಅವಳ ಮತ್ತು ಮಗುವಿನ ನಡುವಿನ ವಿಷಯ. ಮಗು ಸಾರಿ ಎಂದುಬಿಟ್ಟರೆ ಅವಳು ಪಾರಾದಳು. ಎಲ್ಲ ಅದರ ತಪ್ಪೇ ಆಗಿತ್ತು, ಅದೂ ಒಪ್ಪಿಕೊಂಡಿತು. ಆ ಒಂದು ಮಾತು ಹಿಂದಿನ ಪುಟಗಳನ್ನೆಲ್ಲ ತಿರುಗಿಸಿಬಿಡುತ್ತದೆ. ಎರಡು ವರ್ಷದ ಮಗುವಿಗೆ ಸಾರಿ ಎಂದರೆ ಏನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆ ಶಬ್ದ ಹೇಳಿದರೆ ಅಮ್ಮನ ಮುಖ ಸರಿಯಾಗುತ್ತದೆ ಎನ್ನುವುದು. ದೊಡ್ಡವರ ಮುಖ ಸರಿ ಮಾಡುವ ಕೆಲಸವನ್ನು ಅಷ್ಟು ಚಿಕ್ಕವರ ತಲೆಗೆ ಕಟ್ಟುವ ಪುಸ್ತಕಕ್ಕೆ ನಾನು ಕೈ ಹಾಕುವುದಿಲ್ಲ. ಆನೆ ಹಲ್ಲುಜ್ಜಬಹುದು, ಅದರಿಂದ ಯಾರಿಗೂ ನೋವಿಲ್ಲ. ಇದು ಬೇರೆ.

ಮೇಡಂ ಒಪ್ಪಲಿಲ್ಲ. ನಿನಗೆ ಹಟ, ಪುಸ್ತಕಕ್ಕಿಂತ ನಿನ್ನ ಹಟ ದೊಡ್ಡದು ಎಂದರು. ಇರಬಹುದು. ಹಟವಿಲ್ಲದವನು ತುಂಟ ಮಗುವನ್ನು ಬಿಡಿಸಬಾರದು.

ಮರುದಿನ ಮಾಲೀಕರಿಗೆ ಹೇಳಿದೆ. ಚಿತ್ರಗಳು ಆಫೀಸಿನವು, ಇಟ್ಟುಕೊಳ್ಳಿ. ಆ ಪುಟ ಸೇರಿಸುವುದಾದರೆ ನನ್ನ ಹೆಸರು ತೆಗೆಯಿರಿ. ಬಿಡಿಸುವುದಕ್ಕೆ ಬೇರೆಯವರನ್ನು ನೋಡಿಕೊಳ್ಳಿ, ಈ ಪುಸ್ತಕಕ್ಕೆ ಮಾತ್ರ ಅಲ್ಲ. ಅವರು ಕೂತು ಮಾತಾಡೋಣ ಎಂದರು. ಕೂರಲಿಲ್ಲ. ಕೂತಿದ್ದರೆ ಒಪ್ಪಿಬಿಡುತ್ತಿದ್ದೆನೇನೋ, ನನಗೆ ನನ್ನ ಮೇಲೆ ಅಷ್ಟೊಂದು ನಂಬಿಕೆಯಿಲ್ಲ.

ಈಗ ಹೋಟೆಲುಗಳಿಗೆ ಮೆನು ಕಾರ್ಡು ಬಿಡಿಸುತ್ತೇನೆ. ಮಸಾಲೆ ದೋಸೆ ಯಾರಿಗೂ ಕ್ಷಮೆ ಕೇಳಬೇಕಾಗಿಲ್ಲ.

ಕೆಲವು ತಿಂಗಳಾದ ಮೇಲೆ ಗೊತ್ತಿಲ್ಲದ ನಂಬರಿನಿಂದ ಒಂದು ಫೋನು ಬಂತು. ಹುಡುಗಿ, ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು. ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದಳಂತೆ. "ಅಣ್ಣಾ, ನಾನು ಹೇಮಾ ಅಂತ. ನಿಮ್ ಜಾಗಕ್ಕೆ ಬಂದಿರೋಳು" ಎಂದಳು. ಹಲಸೂರಿನವಳು, ನನ್ನ ಹಾಗೆಯೇ ಎಲ್ಲೂ ಓದದೆ ಫೋನಿನಲ್ಲೇ ನೋಡಿ ಕಲಿತವಳು. ಆ 'ಸಾರಿ' ಪುಟ ಬಿಡಿಸುವ ಹೊಣೆ ಅವಳ ತಲೆಗೆ ಬಂದಿತ್ತು.

"ಮುಖ ಬರ್ತಾ ಇಲ್ಲ ಅಣ್ಣಾ. ಒಂದ್ಸಲ ಅಳೋ ಥರ ಆಗುತ್ತೆ, ಇನ್ನೊಂದ್ಸಲ ನಾಟ್ಕ ಮಾಡೋ ಥರ ಆಗುತ್ತೆ. ಸಾರಿ ಕೇಳೋ ಮುಖ ಬರ್ತಾನೇ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ನಾನು ಬೇಡವೆಂದು ಬಿಟ್ಟು ಬಂದ ಪುಟವನ್ನು ನನ್ನಿಂದಲೇ ಬಿಡಿಸಿಕೊಳ್ಳಲು ಫೋನು ಮಾಡಿದ್ದಾಳೆ ಎನ್ನಿಸಿತು. ಸ್ವಲ್ಪ ಒರಟಾಗಿಯೇ ಹೇಳಿದೆ.

"ಆ ವಯಸ್ಸಿನ ಮಗೂಗೆ ಆ ಮುಖನೇ ಇಲ್ಲಮ್ಮ. ಇಲ್ದೇ ಇರೋದನ್ನ ಹೆಂಗ್ ಬಿಡಿಸ್ತೀಯ? ಹೋಗಿ ಹಂಗೇ ಹೇಳು ಅವರಿಗೆ."

ಅತ್ತ ಕಡೆ ಮೆಟ್ಟಿಲ ಮೇಲೆ ಯಾರೋ ಇಳಿದುಹೋದ ಸದ್ದಾಯಿತು. ಆಮೇಲೆ, "ನಂಗೆ ಈ ಕೆಲ್ಸ ಬೇಕು ಅಣ್ಣಾ" ಎಂದಳು.

ನಾನು ಬಿಡಿಸುವುದಿಲ್ಲ ಎಂದದ್ದು ನನ್ನ ವಿಷಯ, ನಿನ್ನದು ನಿನಗೆ, ಬಿಡಿಸಿದರೆ ನಾನೇನೂ ಅಂದುಕೊಳ್ಳುವುದಿಲ್ಲ ಎಂದೆ. ಅಂದುಕೊಳ್ಳುತ್ತಿದ್ದೆ. ಆದರೂ ಹಾಗೆಂದೆ. ಅವಳು ಥ್ಯಾಂಕ್ಸ್ ಎಂದು ಇಟ್ಟಳು.

ಪುಸ್ತಕ ಬಂತೆಂದು ಯಾರೋ ಹೇಳಿದರು. ನೋಡಬಾರದೆಂದು ತೀರ್ಮಾನಿಸಿದ್ದೆ. ಒಂದು ದಿನ ಇಂದಿರಾನಗರದ ಹೋಟೆಲಿಗೆ ಮೆನು ಕೊಟ್ಟು ಬರುವಾಗ ಪಕ್ಕದ ಪುಸ್ತಕದಂಗಡಿಗೆ ಕಾಲು ತಾನಾಗಿಯೇ ಹೋಯಿತು. ಮಕ್ಕಳ ಕಪಾಟಿನಲ್ಲಿ ಕಂಡಿತು. ರಟ್ಟಿನ ಮೇಲೆ ಹೇಮಾಳ ಹೆಸರು. ಬೈಯುವ ಅಮ್ಮ, ಹಾಸಿಗೆಯಲ್ಲಿ ಕಣ್ಣು ಬಿಡುವ ಮಗು, ಸ್ಟೂಲು, ಡಬ್ಬ, ಹಿಟ್ಟು, ಪೊರಕೆ ಪಕ್ಕಕ್ಕಿಟ್ಟು ಕೂತ ಅಮ್ಮ, ಎಲ್ಲವೂ ನನ್ನವೇ, ಗೆರೆ ಬದಲಾಗಿರಲಿಲ್ಲ. ಇನ್ನೊಂದು ಪುಟ ಉಳಿದಿತ್ತು. ನಿಂತೇ ತಿರುಗಿಸಿದೆ.

ಕೆಳಗೆ ದಪ್ಪ ಅಕ್ಷರದಲ್ಲಿ 'ಸಾರಿ ಅಮ್ಮ' ಎಂದಿತ್ತು. ಮಾಲೀಕರು ಕೇಳಿದ್ದು, ಪ್ರೀಸ್ಕೂಲಿನವರು ಕೇಳಿದ್ದು, ಅಕ್ಷರ ತಪ್ಪದೆ ಇತ್ತು. ಅದರ ಮೇಲೆ ಮಗು ಎದ್ದು ನಿಂತಿತ್ತು. ಹೇಮಾ ಅದನ್ನು ಹಿಂದಿನಿಂದ ಬಿಡಿಸಿದ್ದಳು. ಸಣ್ಣ ಬೆನ್ನು, ಜಾರಿದ ಚಡ್ಡಿ, ಬೀಳುವಂತೆ ಒಂದು ಕಡೆಗೆ ವಾಲಿದ ಕಾಲು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದೆ, ಮುಷ್ಟಿ ಬಿಗಿಯಾಗಿದೆ, ಬೆರಳುಗಳ ಸಂದಿಯಿಂದ ಹಿಟ್ಟು ಸುರಿಯುತ್ತಿದೆ. ಅದರ ಮುಖ ಪುಸ್ತಕ ಹಿಡಿದ ಯಾರಿಗೂ ಕಾಣುವುದಿಲ್ಲ. ಅದನ್ನು ನೋಡುತ್ತಿರುವವಳು ಎದುರಿಗೆ ನೆಲದ ಮೇಲೆ ಕೂತಿರುವ ಅಮ್ಮ ಒಬ್ಬಳೇ, ಅವಳು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಾಳೆ.